ಕೈ ತಾಕದೆ ಹಾರಿದ ಗುಂಡು

ಮಾರ್ಚ್ 9, 2019, ಶನಿವಾರ

ನಿನ್ನೆ, ಮಾರ್ಚ್ ಎಂಟರ ಶುಕ್ರವಾರ ಸಂಜೆ, ಹೆಮ್ಲಾಕ್ ಗ್ಯಾಪ್ ಅಗ್ನಿಶಾಮಕ ಸಂಘದ ಹಾಲ್‌ನಲ್ಲಿ ಊರಿನ ಮುಕ್ಕಾಲು ಪಾಲು ಜನ ಮೀನು ತಿನ್ನುತ್ತಿರುವಾಗ ನನ್ನ ಅಕ್ಕ ವರ್ನಾಳ ಕಾಲಿಗೆ ಗುಂಡು ಹೊಕ್ಕಿತು. ಮೊಣಕಾಲಿನ ಕೆಳಗೆ ಮೂಳೆ ಚೂರುಚೂರಾಗಿದೆ. ಉಕ್ಕಿನ ಸರಳು ಹಾಕಬೇಕಂತೆ.

ಆಂಬುಲೆನ್ಸ್ ಇನ್ನೂ ಸೇತುವೆ ದಾಟಿರಲಿಲ್ಲ, ಆಗಲೇ ಯಾರೋ "ಪಾಪ, ಆಕಸ್ಮಿಕ" ಎಂದದ್ದು ಕಿವಿಗೆ ಬಿತ್ತು. ಈ ಊರಲ್ಲಿ ಎಲ್ಲವೂ ಆಕಸ್ಮಿಕವೇ. 1986ರಲ್ಲಿ ಇಲ್ಲಿದ್ದ ಹಳೆಯ ಸೇತುವೆ ಹಾಲಿನ ಲಾರಿಯ ಸಮೇತ ಹೊಳೆಗೆ ಬಿದ್ದದ್ದೂ ಆಕಸ್ಮಿಕ. ಅದರ ಹಿಂದಿನ ಬೇಸಿಗೆಯಲ್ಲಿ ದುರಸ್ತಿಯ ಬದಲು ಅದಕ್ಕೆ ಹಸಿರು ಬಣ್ಣ ಬಳಿದು, ಬಳಿದವರ ಹೆಸರನ್ನು ಫಲಕದಲ್ಲಿ ಕೆತ್ತಿಸಿದ್ದರು. ಎಲ್ಲರೂ ಮರೆತಿದ್ದಾರೆ. ನಾನು ಮರೆತಿಲ್ಲ.

ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ಮೊದಲ ಶುಕ್ರವಾರ. ಮಾಂಸ ಬಿಟ್ಟ ತ್ಯಾಗಕ್ಕೆ ಪ್ರತಿಫಲವಾಗಿ ಜನ ತಟ್ಟೆ ತುಂಬ ಕರಿದ ಮೀನು, ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು, ಎಲೆಕೋಸು ಹಾಕಿ ಬೆಣ್ಣೆಯಲ್ಲಿ ಮುಳುಗಿಸಿದ ನೂಡಲ್ಸ್ ಬಡಿಸಿಕೊಳ್ಳುತ್ತಿದ್ದರು. ಸರದಿಯಲ್ಲಿದ್ದ ಅರ್ಧ ಗಂಡಸರ ಸೊಂಟದಲ್ಲಿ ಪಿಸ್ತೂಲು. ಮೀನು ತಿರುಗಿ ಬಿದ್ದರೆ ಬೇಕಾಗುತ್ತದೆಂದೋ ಏನೋ. ಅವರಲ್ಲಿ ಒಬ್ಬ ಲೀಲ್ಯಾಂಡ್ ಕ್ರಮ್ ಎಂಬ ಪ್ರಾಣಿ, ಶಾಲಾ ಬಸ್ಸಿನ ಡ್ರೈವರ್, ಒಂದು ಕಾಲದಲ್ಲಿ ನಾನು ಪಾಠ ಹೇಳುತ್ತಿದ್ದ ತರಗತಿಯ ಕೊನೆಯ ಬೆಂಚಿನವನು. ನಡೆಯಲಾಗದ ಒಬ್ಬ ಮುದುಕಿಯ ಮುಂದೆ ತಟ್ಟೆ ಇಡಲು ಬಗ್ಗಿದ. ಎರಡೂ ಕೈ ತಟ್ಟೆಯ ಮೇಲಿದ್ದವು. ಅವನ ಸೊಂಟದ ಒರೆಗೆ ಪಟ್ಟಿಯೂ ಇಲ್ಲ, ಗುಂಡಿಯೂ ಇಲ್ಲ. ಪಿಸ್ತೂಲು ಜಾರಿ, ಹಿಂಭಾಗವೇ ಮೊದಲು ಸಿಮೆಂಟಿನ ನೆಲಕ್ಕೆ ಬಡಿದು ಸಿಡಿಯಿತು. ಯಾರೂ ಅದನ್ನು ಮುಟ್ಟಲಿಲ್ಲ. ನಾನು ಎದುರಿನ ಮೇಜಿನಲ್ಲೇ ಕೂತಿದ್ದೆ. ಅಕ್ಕ ಕಾಫಿಯ ಹೂಜಿ ಹಿಡಿದು ಅಲ್ಲಿಗೆ ಬಂದಿದ್ದಳು.

ಬಿದ್ದರೆ ಸಿಡಿಯಬಾರದೆಂದೇ ಈ ಕಾಲದ ಪಿಸ್ತೂಲುಗಳನ್ನು ಮಾಡುತ್ತಾರೆ. ಅಷ್ಟು ನನಗೆ ಗೊತ್ತು. ನನ್ನ ಮನೆಯಲ್ಲೂ ಜಿಂಕೆ ಬೇಟೆಯ ಕೋವಿ ಇದೆ. ಕೋವಿ ಕಂಡರೆ ಮೂರ್ಛೆ ಬೀಳುವ ಪಟ್ಟಣಿಗ ನಾನಲ್ಲ.

ಕ್ರಮ್‌ನನ್ನು ಜೈಲಿಗೆ ಹಾಕಬೇಕು. ಮೂವತ್ತೈದು ವರ್ಷ ಈ ಊರಿನ ಮಕ್ಕಳಿಗೆ ಸಂವಿಧಾನದ ಹತ್ತು ತಿದ್ದುಪಡಿಗಳನ್ನು ಕಲಿಸಿದೆ. ಕೋವಿ ಇಟ್ಟುಕೊಳ್ಳುವ ಹಕ್ಕಿನ ಎರಡನೆಯದೊಂದನ್ನು ನೆನಪಿಟ್ಟುಕೊಂಡಿದ್ದಾರೆ, ಅದೂ ಅರ್ಧ.

ಮಾರ್ಚ್ 11, ಸೋಮವಾರ

ಆಸ್ಪತ್ರೆಯ ಕಾರಿಡಾರಿನಲ್ಲಿ ಆ ಪ್ರಾಣಿ ಕೂತಿತ್ತು. ಮಡಿಲಲ್ಲಿ ಟೋಪಿ, ಟೋಪಿಯ ಮೇಲೆ ಒಂದು ಪೆಟ್ಟಿಗೆ. ಸೇಬಿನ ಪೈ. ಮೂಳೆ ಮುರಿದದ್ದಕ್ಕೆ ಸೇಬಿನ ಪೈ! ಎದ್ದು ಹೋಗು ಎಂದೆ. "ಆಯ್ತು ಮೇಷ್ಟ್ರೇ" ಎಂದ. ಏಳಲಿಲ್ಲ.

ಅಕ್ಕ ಒಳಗಿನಿಂದ ಕೂಗಿದಳು. "ಯಾರೋ ಹೊರಗೆ?"

"ಯಾರೂ ಇಲ್ಲ."

"ಲೀಲ್ಯಾಂಡ್ ತಾನೆ? ಅವನ ಕೆಮ್ಮು ನನಗೆ ಗೊತ್ತಾಗಲ್ವಾ? ಒಳಗೆ ಕರಿಯೋ."

"ನಿನಗೆ ಗುಂಡು ಹೊಡೆದವನನ್ನ?"

"ಗುಂಡು ಹೊಡಿಯೋಕೆ ಗುರಿ ಅಂತ ಒಂದು ಬೇಕಲ್ಲೋ ಹಾರ್ಲನ್. ಅವನಿಗೆ ಬಸ್ಸನ್ನೇ ಸ್ಟಾಪಲ್ಲಿ ನೆಟ್ಟಗೆ ನಿಲ್ಸೋಕೆ ಬರಲ್ಲ."

ನರ್ಸುಗಳು ನಕ್ಕರು. ಒಳಗೆ ಬಂದ ಕ್ರಮ್ ಅಳಲು ಶುರುಮಾಡಿದ. ಅರವತ್ತಕ್ಕೆ ಹತ್ತಿರವಾದ ಗಂಡಸು. ನಾನು ಕಿಟಕಿಯ ಹೊರಗೆ ನೋಡುತ್ತ ನಿಂತೆ. ಅಕ್ಕ ಪೈ ತಿಂದಳು. ಚೆನ್ನಾಗಿದೆಯಂತೆ. ನನಗೂ ಒಂದು ತುಂಡು ಕೊಟ್ಟಳು, ತಿನ್ನಲಿಲ್ಲ.

ಮಾರ್ಚ್ 14, ಗುರುವಾರ

ನಮ್ಮ ಪೊಲೀಸ್ ಇಲಾಖೆ, ಅಂದರೆ ಒಬ್ಬ ಮುಖ್ಯಸ್ಥ, ಇಬ್ಬರು ಪೇದೆಗಳು ಮತ್ತು ಒಂದು ಕಾಫಿ ಯಂತ್ರ, ಸತ್ಯವನ್ನು ಪತ್ತೆ ಮಾಡಿದೆ. ಬೀಳುತ್ತಿದ್ದ ಪಿಸ್ತೂಲನ್ನು ಹಿಡಿಯಲು ಹೋಗಿ ಮಾಲೀಕನ ಬೆರಳು ಟ್ರಿಗರ್‌ಗೆ ತಾಗಿದೆ, ಆದ್ದರಿಂದ ಗುಂಡು ಹಾರಿದೆ, ಎಂದು ಪ್ರಕಟಣೆ. ಠಾಣೆಗೆ ಹೋಗಿ ನಾನು ನೋಡಿದ್ದನ್ನು ಹೇಳಿದೆ. ಮುಖ್ಯಸ್ಥನೂ ನನ್ನ ಹಳೆಯ ವಿದ್ಯಾರ್ಥಿ. ಕಿಟಕಿ ಪಕ್ಕ ಕೂತು ನಿದ್ದೆ ಮಾಡುತ್ತಿದ್ದವನು.

"ಮೇಷ್ಟ್ರೇ, ನೀವು ಗಾಯ ಆದವರ ತಮ್ಮ. ನಿಮಗೆ ಸಂಕಟ ಇರುತ್ತೆ. ಅರ್ಥ ಆಗುತ್ತೆ."

"ಸಂಕಟದಿಂದ ಕಣ್ಣು ಮಂಜಾಗಲ್ಲ. ಅವನ ಎರಡು ಕೈಯೂ ತಟ್ಟೆ ಮೇಲಿದ್ವು."

"ಪಿಸ್ತೂಲು ತನಗೆ ತಾನೇ ಹಾರಲ್ಲ ಮೇಷ್ಟ್ರೇ. ಮರ್ಲ್ ಬಿಚ್ಚಿ ನೋಡಿದಾನೆ, ಏನೂ ದೋಷ ಇಲ್ಲ ಅಂದ."

ಮರ್ಲ್ ಅಂದರೆ ಮರ್ಲ್ ಯೀಕೆಲ್. ಊರಿನ ಏಕೈಕ ಬಂದೂಕಿನ ಅಂಗಡಿ ಅವನದು. ಗುರಿ ಹೊಡೆಯುವವರ ಕ್ಲಬ್ಬಿನ ಅಧ್ಯಕ್ಷ. ಟೌನ್‌ಶಿಪ್ಪಿನ ಆಡಳಿತ ನಡೆಸುವ ಮೂವರು ಚುನಾಯಿತರಲ್ಲಿ ಒಬ್ಬ, ಅಂದರೆ ಈ ಮುಖ್ಯಸ್ಥನ ಸಂಬಳಕ್ಕೆ ಸಹಿ ಹಾಕುವವರಲ್ಲೂ ಒಬ್ಬ. ಪಿಸ್ತೂಲನ್ನು ರಾಜ್ಯದ ಪ್ರಯೋಗಾಲಯಕ್ಕೆ ಕಳಿಸಿದರೆ ತಿಂಗಳುಗಟ್ಟಲೆ ಕಾಯಬೇಕಂತೆ, ಅದಕ್ಕೇ ಮರ್ಲ್‌ಗೆ ಕೊಟ್ಟರಂತೆ. ಕೋಳಿ ಏಕೆ ಕಡಿಮೆಯಾಯಿತೆಂದು ನರಿಯನ್ನು ಕರೆದು ಕೇಳುವುದಕ್ಕೆ ನಮ್ಮಲ್ಲಿ ತನಿಖೆ ಎನ್ನುತ್ತಾರೆ. ನರಿಗೂ ಕೋಳಿಗೂ ಏನು ಸಂಬಂಧ ಎನ್ನುವುದು ಮಾತ್ರ ಇನ್ನೂ ತಿಳಿದಿಲ್ಲ.

ಮಾರ್ಚ್ 15, ಶುಕ್ರವಾರ

ಈ ಶುಕ್ರವಾರವೂ ಮೀನೂಟ ನಡೆಯಿತು. ನೆಲ ತೊಳೆದಿದ್ದರಂತೆ. ಸಂಘದ ಲಾಟರಿಯೂ ನಡೆಯಿತು. ಮೊದಲ ಬಹುಮಾನ: ಪಿಸ್ತೂಲು.

ಬರೆಯಲು ಬೇರೇನೂ ಇಲ್ಲ.

ಮಾರ್ಚ್ 24, ಭಾನುವಾರ

ಅಕ್ಕ ಮನೆಗೆ ಬಂದಳು. ಗಾಲಿಕುರ್ಚಿ ಹತ್ತಿಸಲು ಬಾಗಿಲ ಮುಂದೆ ಹಲಗೆಯ ಇಳಿಜಾರು ಬೇಕಿತ್ತು. ಬಡಗಿಗೆ ಫೋನ್ ಮಾಡುವಷ್ಟರಲ್ಲಿ ಕ್ರಮ್ ತನ್ನ ಗಾಡಿಯಲ್ಲಿ ಹಲಗೆ ಹೇರಿಕೊಂಡು ಬಂದ. ಒಳಗೆ ಕರೆಯುವುದಿಲ್ಲ ಎಂದು ಮೊದಲೇ ಹೇಳಿದೆ. ತಲೆಯಾಡಿಸಿ ಮೊಳೆ ಹೊಡೆಯತೊಡಗಿದ. ಕೆಲಸ ಅಚ್ಚುಕಟ್ಟಾಗಿದೆ, ಅದನ್ನು ಒಪ್ಪಬೇಕು. ಹೊರಗೆ ಚಳಿ ಇದ್ದುದರಿಂದ ಒಂದು ಲೋಟ ಕಾಫಿ ಕೊಟ್ಟೆ. ಮೆಟ್ಟಿಲ ಮೇಲೆ ಕೂತೇ ಕುಡಿದ.

ಆಗ ವಿಷಯ ಹೊರಬಿತ್ತು. ಪಿಸ್ತೂಲು ಕಾರ್ಖಾನೆಯಿಂದ ಬಂದ ಹಾಗೆ ಇರಲಿಲ್ಲ. ಭಾನುವಾರಗಳಂದು ಕ್ಲಬ್ಬಿನಲ್ಲಿ ಓಡಿಕೊಂಡು ಗುರಿಯಿಂದ ಗುರಿಗೆ ಹೊಡೆಯುವ ಪಂದ್ಯ ನಡೆಯುತ್ತದೆ. ಅದಕ್ಕೆ ಮೂಲ ಟ್ರಿಗರ್ ಬಿಗಿಯಂತೆ. ಅದನ್ನು ತೆಗೆದು ಕೆಂಪು ಬಣ್ಣದ, ದಪ್ಪ ಲೋಹದ ಬೇರೆಯದನ್ನು ಹಾಕಿಸಿದ್ದಾನೆ, ಸ್ಪ್ರಿಂಗೂ ಮೆತ್ತಗಿನದು.

"ಹಾಕಿದ್ದು ಯಾರು?"

"ಮರ್ಲೇ. ಕ್ಲಬ್ಬಲ್ಲಿ ಎಲ್ಲರಿಗೂ ಅವನೇ ಹಾಕ್ಕೊಡೋದು. ಪೊಲೀಸ್ ಸಾಹೇಬ್ರ ಪಿಸ್ತೂಲಿಗೂ."

"ಪಂದ್ಯಕ್ಕೆ ಹಾಕಿಸಿದ್ದನ್ನ ಮೀನೂಟಕ್ಕೆ ಯಾಕಯ್ಯಾ ಕಟ್ಕೊಂಡು ಬಂದೆ?"

"ಇರೋದು ಒಂದೇ ಪಿಸ್ತೂಲು, ಮೇಷ್ಟ್ರೇ. ಒರೆನೂ ಅದೇ, ಬೇಗ ಎಳಿಯೋಕೆ ಪಟ್ಟಿ ಇಲ್ದಿರೋದು. ತಪ್ಪಾಯ್ತು."

ರೇಸಿಗೆ ಕಟ್ಟಿದ ಕುದುರೆಯ ಮೇಲೆ ಅಂಗಡಿಗೆ ಉಪ್ಪು ತರಲು ಹೋಗುವ ಜನ ಇವರು. ಮನೆಗೊಬ್ಬ ಶೂರ; ಬರುವ ಕಳ್ಳ ಮಾತ್ರ ಇಲ್ಲ. ಈ ಊರಲ್ಲಿ ಕೊನೆಯ ಬಾರಿ ಕಳವಾದದ್ದು ಇಗರ್ಜಿಯ ಹುಲ್ಲು ಕತ್ತರಿಸುವ ಯಂತ್ರ. ಕದ್ದವನು ಪಾದ್ರಿಯ ಸೋದರಳಿಯ.

ಮಾರ್ಚ್ 27, ಬುಧವಾರ

ಎರಡು ದಿನ ಜಿಲ್ಲಾ ಗ್ರಂಥಾಲಯದಲ್ಲಿ ಕೂತು ಓದಿದೆ. ಈ ಬಗೆಯ ಪಿಸ್ತೂಲು ಒಂದು ಕೋನದಲ್ಲಿ ಹಿಂಭಾಗವೇ ಮೊದಲು ನೆಲಕ್ಕೆ ಬಡಿದರೆ ಮೈ ಗಕ್ಕನೆ ನಿಲ್ಲುತ್ತದೆ. ಟ್ರಿಗರ್ ಭಾರವಾಗಿದ್ದರೆ, ಅದನ್ನು ತಡೆಯುವ ಸ್ಪ್ರಿಂಗ್ ಮೆತ್ತಗಿದ್ದರೆ, ಅದು ತನ್ನ ಭಾರಕ್ಕೆ ತಾನೇ ಹಿಂದಕ್ಕೆ ಸರಿಯಬಹುದು. ಬೆರಳು ಒತ್ತಿದ ಹಾಗೆಯೇ. ಟ್ರಿಗರ್ ಒತ್ತಿದರೆ ಒಳಗಿನ ತಡೆಯೂ ಸರಿದು ದಾರಿ ಬಿಡುತ್ತದೆ. ಅದನ್ನು ಮಾಡಿರುವುದೇ ಹಾಗೆ. ತಯಾರಕರು ಟ್ರಿಗರನ್ನು ಹಗುರ ಮಾಡಲು ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮವರು ಅದನ್ನು ಕಿತ್ತೆಸೆದು ಕೆಂಪು ಲೋಹದ ತುಂಡು ಹಾಕಿಸುತ್ತಾರೆ, ಚೆನ್ನಾಗಿ ಕಾಣುತ್ತದೆಂದು.

ಸಂಜೆ ಕ್ರಮ್ ಅಕ್ಕನನ್ನು ವ್ಯಾಯಾಮದ ಚಿಕಿತ್ಸೆಯಿಂದ ಕರೆತಂದ. (ನನ್ನ ಕಾರಿನ ಬಾಗಿಲು ಗಾಲಿಕುರ್ಚಿಗೆ ಕಿರಿದು.) ಅವನನ್ನು ಅಡುಗೆಮನೆಯ ಮೇಜಿಗೆ ಕೂರಿಸಿ ವಿವರಿಸಿದೆ. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯನಿಗೆ ಜಡತ್ವ ಎಂದರೆ ಏನೆಂದು ಗೊತ್ತಿಲ್ಲ. ಅವನಿಗೆ ಭೌತಶಾಸ್ತ್ರ ಕಲಿಸಿದ ಪುಣ್ಯಾತ್ಮ ಯಾರೋ! ಕೊನೆಗೆ ಕೇಳಿದೆ: "ನೀನು ಗಕ್ಕಂತ ಬ್ರೇಕ್ ಹಾಕಿದ್ರೆ ನಿಂತಿರೋ ಹುಡುಗರು ಏನಾಗ್ತಾರೆ?"

"ಮುಂದಕ್ಕೆ ಮುಗ್ಗರಿಸ್ತಾರೆ."

"ಯಾರಾದ್ರೂ ತಳ್ಳಿದ್ರಾ?"

"ಇಲ್ಲ."

"ಟ್ರಿಗರೂ ಹಾಗೇ."

ಲೋಟವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಕೇಳಿದ: "ಅಂದ್ರೆ ನಾನು ಮುಟ್ಟಿಲ್ವಾ ಮೇಷ್ಟ್ರೇ?"

"ನಾನು ನೋಡಿದೀನಲ್ಲಯ್ಯಾ. ಮುಟ್ಟಿಲ್ಲ."

"ಎಲ್ರೂ ಮುಟ್ಟಿದೀಯ ಅಂತಾರೆ. ಕೇಳಿ ಕೇಳಿ ಈಗ ನನಗೇ ಕನಸಲ್ಲಿ ಬೆರಳು ಕಾಣುತ್ತೆ, ಟ್ರಿಗರ್ ಒಳಗಿರೋದು."

ಅಕ್ಕ ಅವನ ತಟ್ಟೆಗೆ ಇನ್ನೊಂದು ಸಾಸೇಜ್ ಹಾಕಿದಳು.

ಏಪ್ರಿಲ್ 2, ಮಂಗಳವಾರ

ಲೀಲ್ಯಾಂಡ್‌ಗೆ ನ್ಯಾಯಾಲಯದ ಕರೆ ಬಂದಿದೆ. ಆರೋಪ: ಪ್ರಾಣಕ್ಕೆ ಅಪಾಯ ತರುವ ಅಜಾಗರೂಕತೆ. ವಿಚಾರಣೆ ಹನ್ನೊಂದನೇ ತಾರೀಕು. ಟ್ರಿಗರ್ ಒತ್ತಿದ್ದು ನಾನೇ ಎಂದು ಒಪ್ಪಿಕೊಂಡರೆ ದಂಡ ಕಟ್ಟಿಸಿ ಬಿಡುತ್ತಾರೆ ಎಂದು ಸರ್ಕಾರ ಕೊಟ್ಟ ವಕೀಲನ ಸಲಹೆ. ಒಪ್ಪಿಕೊಂಡರೆ ಶಾಲೆಯ ಬಸ್ಸು ಹೋಗುತ್ತದೆ; ಮಕ್ಕಳನ್ನು ಅಂಥವರ ಕೈಗೆ ಕೊಡುವುದಿಲ್ಲವಲ್ಲ. ಈಗಲೇ ರಜೆಯ ಮೇಲೆ ಕಳಿಸಿದ್ದಾರೆ.

"ಒಪ್ಕೊಂಡುಬಿಡ್ತೀನಿ" ಎಂದ. "ವರ್ನಾ ಅಕ್ಕನಿಗೆ ನೋವಾಗಿರೋದು ನಿಜ ತಾನೆ? ಯಾರಾದ್ರೂ ಒಬ್ರು ಹೊಣೆ ಹೊರಬೇಕು."

ಅಕ್ಕ ಸಿಡುಕಿದಳು. "ನನ್ನ ಕಾಲನ್ನ ನೆಪ ಮಾಡ್ಕೊಂಡು ಸುಳ್ಳು ಹೇಳ್ಬೇಡ. ಪಿಸ್ತೂಲನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡು ಬಂದೆ, ಅದಕ್ಕೆ ಬೈಸ್ಕೋ. ಮಾಡ್ದೇ ಇರೋದನ್ನ ಯಾಕೋ ತಲೆಗೆ ಕಟ್ಕೋತೀಯ, ಗೂಬೆ?"

ಹೆದರಿದವರು ಒಪ್ಪಿಕೊಳ್ಳುತ್ತಾರೆ, ಹೆದರದವರು ಆಡಳಿತದ ಮೇಜಿನಲ್ಲಿ ಕೂರುತ್ತಾರೆ. ಈ ದೇಶದ ಚರಿತ್ರೆಯನ್ನು ಇಷ್ಟರಲ್ಲಿ ಮುಗಿಸಬಹುದಿತ್ತು. ಸುಮ್ಮನೆ ಒಂದು ವರ್ಷ ಪಾಠ ಮಾಡುತ್ತಿದ್ದೆ.

ಏಪ್ರಿಲ್ 6, ಶನಿವಾರ

ಯೀಕೆಲ್ ಇವತ್ತು ಕ್ಲಬ್ಬಿನಲ್ಲಿ ಬಹಿರಂಗ ಪರೀಕ್ಷೆ ಏರ್ಪಡಿಸಿದ್ದ. "ಊರಿನ ಗೊಂದಲ ನಿವಾರಣೆಗಾಗಿ." ಗೊಂದಲ ಎಂದರೆ ನಾನು. ಮೂರು ವಾರದಿಂದ ಅಂಚೆ ಕಚೇರಿ, ಕಟಿಂಗ್ ಅಂಗಡಿ, ಇಗರ್ಜಿಯ ಬಾಗಿಲು ಎಲ್ಲೆಲ್ಲೂ, ಮುಟ್ಟದ ಪಿಸ್ತೂಲು ಹೇಗೆ ಹಾರಿತೆಂದು ಕೇಳುತ್ತಿದ್ದೇನಲ್ಲ.

ನೂರಕ್ಕೂ ಹೆಚ್ಚು ಜನ ಸೇರಿದ್ದರು. ಬಿಸಿ ಹಾಟ್ ಡಾಗ್ ಮಾರುತ್ತಿದ್ದರು. ಯೀಕೆಲ್ ಹಸಿರು ಅಂಗಿ ತೊಟ್ಟು, ಹರಾಜು ಕೂಗುವವನ ಧಾಟಿಯಲ್ಲಿ, ಲೀಲ್ಯಾಂಡ್‌ನ ಪಿಸ್ತೂಲನ್ನು ಎತ್ತಿ ತೋರಿಸಿದ. ಒಳಗೆ ಮದ್ದೂ ಗುಂಡೂ ಇಲ್ಲದ, ಬರೀ ಕೇಪು ಇರುವ ತೋಟಾ ಹಾಕಿದ. ಪಿಸ್ತೂಲು ತಾನಾಗಿ ಹಾರುವುದಾದರೆ ಕೇಪು ಪಟ್ಟೆನ್ನಬೇಕು. ಸೊಂಟದ ಎತ್ತರದಿಂದ ಸಿಮೆಂಟಿನ ಮೇಲೆ ಬಿಟ್ಟ. ಸದ್ದಿಲ್ಲ. ಮತ್ತೆ ಬಿಟ್ಟ, ಮತ್ತೆ. ಹಿಂಭಾಗ ಮುಂದಾಗಿ, ಬಾಯಿ ಮುಂದಾಗಿ, ಮಗ್ಗುಲಾಗಿ. ಸದ್ದಿಲ್ಲ. ಜನ ಚಪ್ಪಾಳೆ ತಟ್ಟಿದರು. ಲೀಲ್ಯಾಂಡ್ ನನ್ನ ಪಕ್ಕದಲ್ಲಿ ತಲೆ ತಗ್ಗಿಸಿ ತನ್ನ ಬೆರಳು ನೋಡಿಕೊಳ್ಳುತ್ತಿದ್ದ.

ನಾನು ಮುಂದೆ ಹೋಗಿ ಪಿಸ್ತೂಲನ್ನು ಹತ್ತಿರದಿಂದ ನೋಡಿದೆ. ಟ್ರಿಗರ್ ಕಪ್ಪಗಿತ್ತು. ಬಾಗಿದ, ತೆಳು ಪ್ಲಾಸ್ಟಿಕ್ಕಿನದು.

"ಮರ್ಲ್, ಇದರಲ್ಲಿದ್ದ ಕೆಂಪು ಟ್ರಿಗರ್ ಎಲ್ಲಿ?"

"ತೆಗೆದು ಕಾರ್ಖಾನೇದು ಹಾಕಿದೀನಿ ಮೇಷ್ಟ್ರೇ. ಇಷ್ಟೊಂದು ಜನ, ಮಕ್ಕಳು ಮರಿ ಇದಾರೆ. ಸುರಕ್ಷತೆ ನೋಡ್ಬೇಕಲ್ಲ."

"ಅವತ್ತು ಬಿದ್ದಾಗ ಇದ್ದದ್ದು ಕೆಂಪುದು. ಅದನ್ನೇ ಹಾಕಿ ಬೀಳಿಸು."

ಅವನು ಜನರತ್ತ ತಿರುಗಿ ಕಣ್ಣು ಹೊಡೆದ. "ಕೇಳ್ಸಿತೇನ್ರಪ್ಪಾ? ಆ ಟ್ರಿಗರ್ ಇಟ್ಕೊಂಡು ಸಿಮೆಂಟ್ ಮೇಲೆ ಬೀಳ್ಸೋಕೆ ನನಗೇನು ಹುಚ್ಚಾ?"

ಎಲ್ಲರೂ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ಪೊಲೀಸ್ ಮುಖ್ಯಸ್ಥನಿಗೆ ನಗುವಿನ ರಭಸಕ್ಕೆ ಸಾಸಿವೆಯ ಗೊಜ್ಜು ಅಂಗಿಯ ಮೇಲೆ ಬಿತ್ತು. ಆ ಮನುಷ್ಯ ಏನು ಹೇಳಿದನೆಂದು ನೂರು ಜನರಲ್ಲಿ ಒಬ್ಬರಿಗೂ ಕೇಳಿಸಲಿಲ್ಲ. ಹೇಳಿದವನಿಗೂ ಕೇಳಿಸಲಿಲ್ಲ! ಮೇಷ್ಟ್ರ ಬಾಯಿ ಮುಚ್ಚಿಸಿದ್ದೊಂದೇ ಅವನಿಗೆ ಗೊತ್ತು. ಆ ಟ್ರಿಗರ್ ಇದ್ದರೆ ಬೀಳಿಸುವುದು ಹುಚ್ಚುತನ ಎಂದು ಅವನಿಗೆ ಚೆನ್ನಾಗಿ ತಿಳಿದಿದೆ. ತಿಳಿದೇ ಮಾರುತ್ತಾನೆ. ಅದನ್ನು ಸೊಂಟದಲ್ಲಿ ಇಟ್ಟುಕೊಂಡವರೇ ಕುಲುಕುಲು ನಗುತ್ತಿದ್ದರು. ಆ ಕುಲುಕಾಟದಲ್ಲಿ ಇನ್ನೆರಡು ಬೀಳಲಿಲ್ಲವಲ್ಲ, ಅದು ಅವರ ಅದೃಷ್ಟ.

ಗಾಡಿಯಲ್ಲಿ ವಾಪಸು ಬರುವಾಗ ಲೀಲ್ಯಾಂಡ್ ಮೆಲ್ಲಗೆ ಹೇಳಿದ: "ಮೇಷ್ಟ್ರೇ, ಅವನು ಹಾಕ್ಕೊಡುವಾಗ ಒಂದು ಮಾತೂ ಹೇಳ್ಲಿಲ್ಲ, ಬೀಳಿಸ್ಬೇಡ ಅಂತ."

"ನಗ್ತಾ ಹೇಳ್ದ ಇವತ್ತು. ನೀನೂ ಕೇಳ್ದೆ."

"ಹೌದು. ಕೇಳ್ದೆ."

ಹುಳಿಯಿಟ್ಟ ಎಲೆಕೋಸು, ಹಂದಿಮಾಂಸ ಬೇಯಿಸಿ ಅಕ್ಕ ಕಾಯುತ್ತಿದ್ದಳು. ಮೂರು ತಟ್ಟೆ ಹಾಕಿದ್ದಳು.

ಏಪ್ರಿಲ್ 7, ಭಾನುವಾರ

ನಾಳೆ ಟೌನ್‌ಶಿಪ್ ಸಭೆ. ಸಾರ್ವಜನಿಕರಿಗೆ ತಲಾ ಮೂರು ನಿಮಿಷ ಮಾತಾಡುವ ಹಕ್ಕಿದೆ. ಭಾಷಣ ಬರೆದೆ. ಓದಿ ತೋರಿಸಿದರೆ ಲೀಲ್ಯಾಂಡ್‌ಗೆ ನಿದ್ದೆ ಬಂತು. ಅಕ್ಕ ಹೇಳಿದಳು: "ಪ್ರಾಚೀನ ರೋಮ್ ತೆಗೆದುಹಾಕೋ." ತೆಗೆಯುವುದಿಲ್ಲ. ರೋಮ್ ಬೇಕು.

ಏಪ್ರಿಲ್ 8, ಸೋಮವಾರ

ಸಭೆ ನಡೆದದ್ದು ಟೌನ್‌ಶಿಪ್ಪಿನ ಗ್ಯಾರೇಜಿನ ಪಕ್ಕದ ಕೋಣೆಯಲ್ಲಿ. ಹಿಮ ಬಾಚುವ ಯಂತ್ರದ ಡೀಸೆಲ್ ವಾಸನೆ. ಮೇಜಿನ ಹಿಂದೆ ಮೂವರು, ನಡುವೆ ಸಭೆಯ ಅಧ್ಯಕ್ಷ, ಬಲತುದಿಯಲ್ಲಿ ಯೀಕೆಲ್. ಮುಖ್ಯಸ್ಥ ಗೋಡೆಗೆ ಒರಗಿ ನಿಂತಿದ್ದ. ಶನಿವಾರ ನಕ್ಕವರಲ್ಲಿ ಬಹಳ ಮಂದಿ ಇನ್ನೂ ಒಮ್ಮೆ ನಗುವ ಆಸೆಯಿಂದ ಬಂದಿದ್ದರು.

ನನ್ನ ಸರದಿ ಮೊದಲು. 1986ರ ಸೇತುವೆಯಿಂದ ಆರಂಭಿಸಿದೆ. ಬಣ್ಣ ಬಳಿದವರ ಹೆಸರುಗಳನ್ನು ಓದಿದೆ. ಅವರಲ್ಲಿ ಯೀಕೆಲ್‌ನ ಅಪ್ಪನೂ ಒಬ್ಬ. ಕೆಲವರು ಗಡಿಯಾರ ನೋಡಿದರು. ರೋಮ್ ಮುಗಿಸಿ ಟ್ರಿಗರ್‌ಗೆ ಬರುವಷ್ಟರಲ್ಲಿ ಕಾರ್ಯದರ್ಶಿ ಇಟ್ಟಿದ್ದ ಮೂರು ನಿಮಿಷದ ಗಂಟೆ ಹೊಡೆಯಿತು. "ಮೇಷ್ಟ್ರೇ, ಸಮಯ ಆಯ್ತು" ಎಂದ ಅಧ್ಯಕ್ಷ. ಪ್ರಶ್ನೆಯೇ ಇನ್ನೂ ಕೇಳಿರಲಿಲ್ಲ. ಹಿಂದಿನಿಂದ ಯಾರೋ "ಹೋಮ್‌ವರ್ಕ್ ಕೊಡ್ತೀರಾ ಸಾರ್?" ಎಂದರು. ನಗು. ಎಲ್ಲರಿಗಿಂತ ಜೋರಾಗಿ ಯೀಕೆಲ್‌ನದು.

ಕೂತೆ.

ಆಗ ಲೀಲ್ಯಾಂಡ್ ಎದ್ದ. ಅವನು ಮಾತಾಡುತ್ತಾನೆಂದು ನನಗೆ ಗೊತ್ತಿರಲಿಲ್ಲ; ಅವನಿಗೂ ಗೊತ್ತಿರಲಿಲ್ಲವೇನೋ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಮೇಜಿನ ಹತ್ತಿರಕ್ಕೆ, ತೀರಾ ಹತ್ತಿರಕ್ಕೆ, ಯೀಕೆಲ್‌ನ ಎದುರು ಹೋಗಿ ನಿಂತ.

"ಮರ್ಲ್, ಗುರುವಾರ ನಾನು ಕೋರ್ಟಿಗೆ ಹೋಗ್ಬೇಕು. ಟ್ರಿಗರ್ ಒತ್ತಿದೆ ಅಂತ ಒಪ್ಕೋ ಅಂತಿದಾರೆ. ನಾನು ಒತ್ತಿಲ್ಲ. ಪಿಸ್ತೂಲು ತಂದಿದ್ದು ತಪ್ಪು, ಅದನ್ನ ಅಲ್ಲೂ ಹೇಳ್ತೀನಿ. ಆದ್ರೆ ಒತ್ತಿಲ್ಲ. ಆ ಕೆಂಪು ಟ್ರಿಗರ್ ಇಟ್ಕೊಂಡು ಸಿಮೆಂಟ್ ಮೇಲೆ ಬೀಳ್ಸೋಕೆ ನನಗೇನು ಹುಚ್ಚಾ ಅಂದೆ ನೀನು ಮೊನ್ನೆ. ಬಿದ್ರೆ ಏನಾಗುತ್ತೆ ಅಂತ ಹಾಗಂದೆ? ಅಷ್ಟು ಹೇಳು. ಉಳಿದ ನಿಮಿಷ ನನಗೆ ಬೇಡ. ನೀನೇ ತಗೋ."

ಅಷ್ಟೇ. ಕಂಕುಳಲ್ಲಿ ಟೋಪಿ ಹಿಡಿದು ನಿಂತುಕೊಂಡ.

ಮೊನ್ನೆ ಕೇಳಿಸದ ಮಾತು ಈಗ ನಗಲು ಬಂದವರಿಗೆ ಕೇಳಿಸಿತು. ಒಬ್ಬನ ಕೈ ತನಗೇ ತಿಳಿಯದೆ ತನ್ನ ಸೊಂಟದ ಒರೆಯ ಮೇಲೆ ಹೋಗಿ, ಅದನ್ನು ಗಟ್ಟಿಯಾಗಿ ಒತ್ತಿ ಹಿಡಿದದ್ದನ್ನು ನೋಡಿದೆ. ಇನ್ನೊಬ್ಬ ಹೆಂಡತಿಯಿಂದ ಕುರ್ಚಿಯನ್ನು ಒಂದು ಮೊಳ ದೂರ ಸರಿಸಿದ. ಮುಖ್ಯಸ್ಥ ಗೋಡೆ ಬಿಟ್ಟು ನೆಟ್ಟಗೆ ನಿಂತ. ಯೀಕೆಲ್ ನೀರು ಕುಡಿದ. ಕಾಗದ ತಿರುವಿದ. "ಇದು ಕಾನೂನಿನ ವಿಷಯ, ಇಲ್ಲಿ..." ಎಂದು ಶುರುಮಾಡಿ ನಿಲ್ಲಿಸಿದ. ಲೀಲ್ಯಾಂಡ್ ಅಲುಗಲಿಲ್ಲ.

ಗಂಟೆ ಹೊಡೆಯಿತು.

"ಸಮಯ ಆಯ್ತು" ಎಂದ ಅಧ್ಯಕ್ಷ. "ಮುಂದಿನವರು? ಯಾರೂ ಇಲ್ದಿದ್ರೆ ರಸ್ತೆ ಗುಂಡಿಗಳ ವಿಷಯ..."

"ನಾನಿದೀನಿ" ಎಂದಳು ಅಕ್ಕ.

ಗಾಲಿಕುರ್ಚಿಯನ್ನು ತಾನೇ ಉರುಳಿಸಿಕೊಂಡು ಮುಂದೆ ಹೋದಳು. ತಳ್ಳಲು ಎದ್ದ ನನ್ನ ಕೈಗೆ ಬಡಿದಳು. ಉಕ್ಕಿನ ಸರಳು ಹಾಕಿದ ಕಾಲನ್ನು ಮೇಜಿನತ್ತ ಚಾಚಿ, ಲೀಲ್ಯಾಂಡ್‌ನ ಪಕ್ಕದಲ್ಲಿ ಗಾಲಿಗೆ ಬ್ರೇಕ್ ಹಾಕಿಕೊಂಡು, ಕಾರ್ಯದರ್ಶಿಯ ಕಡೆ ನೋಡಿದಳು. "ಗಂಟೆ ಮೊದಲಿಂದ ಇಡಮ್ಮಾ" ಎಂದಳು. ಆಮೇಲೆ ಯೀಕೆಲ್‌ಗೆ ಹೇಳಿದಳು:

"ನನ್ನ ಮೂರು ನಿಮಿಷಾನೂ ನಿನಗೇ ಕೊಟ್ಟೆ, ಮರ್ಲ್. ಬಿದ್ರೆ ಏನಾಗುತ್ತೆ? ಹೇಳಪ್ಪಾ, ಎಲ್ರಿಗೂ ಕೇಳೋ ಹಾಗೆ ಹೇಳು."